ಪ್ಲಾಸ್ಟಿಕ್ಕಿನೊಳಗಿನ ಲಕ್ಷ್ಮಿ

ಈ ಭೂಮಂಡಲದಲ್ಲಿ ಗಾಳಿಯನ್ನೇ ತನ್ನ ಹಗೆಯೆಂದು ಬಗೆದ ಮನುಷ್ಯ ಒಬ್ಬನೇ ಒಬ್ಬ. ಅವನು ನನ್ನ ಷಡ್ಡಕ! ಜನರು ದಾಯಾದಿಗಳೊಡನೆ ಕಾದಾಡುತ್ತಾರೆ, ನೆರೆಯವರೊಡನೆ ಕಾದಾಡುತ್ತಾರೆ, ಬೇರೆ ಯಾರೂ ಸಿಕ್ಕದಿದ್ದರೆ ಹೆಂಡತಿಯೊಡನೆ ಕಾದಾಡುತ್ತಾರೆ. ಇವನ ಕದನವೆಲ್ಲ ವಾಯುವಿನೊಡನೆ. ಹನುಮಂತದೇವರ ತಂದೆಯೆಂದು ನಾವು ಕೈಮುಗಿಯುವ, ಮೂಗಿನ ಹೊಳ್ಳೆಗೆ ಒಂದು ಗಳಿಗೆ ಬಾರದಿದ್ದರೆ ನಮ್ಮ ಪಾಂಡಿತ್ಯ, ಪೆನ್ಷನ್ನು ಎರಡನ್ನೂ ಒಟ್ಟಿಗೆ ಮುಗಿಸಿಬಿಡಬಲ್ಲ ಆ ಮಹಾನುಭಾವನನ್ನು ಇವನು ಕರೆಯುವುದು ಒಂದೇ ಹೆಸರಿನಿಂದ: "ಹಲಕಟ್ ಗಾಳಿ!"

ಕಾರಣವೇನೆಂದು ಕೇಳುತ್ತೀರಾ? ಗಾಳಿ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ, ತಾಮ್ರ ಕಿಲುಬು ಹಿಡಿಯುತ್ತದೆ, ಹಿತ್ತಾಳೆ ಮಂಕಾಗುತ್ತದೆ. ಆಗಲಿ ಬಿಡಿ, ದೇಶದಲ್ಲಿ ಹುಣಿಸೆಹಣ್ಣಿಗೆ ಬರವೇ ಎನ್ನುತ್ತೀರಿ. ನಾನೂ ಹಾಗೆಯೇ ಅಂದಿದ್ದೆ. ತೊಟ್ಟಿಲ ಕೂಸಿಗೆ ಮೆಣಸಿನಪುಡಿ ಹಚ್ಚಿ ಎರೆಯಿರಿ ಎಂದು ನಾನು ಸಲಹೆಯಿತ್ತೆನೋ ಎಂಬಂತೆ ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಹುಣಸೀಹಣ್ಣು ಹಾಕಿ ತಿಕ್ಕಿದ್ರ ಬೆಳ್ಳಿ ಸವದು ಹೋಗತೈತ್ರಿ ಅಣ್ಣಾರ! ನೀವು ಓದಿದವರು. ನೀವ ಹಿಂಗಂದ್ರ ಹೆಂಗ?" ಎಂದ. ಓದಿದವರು ಎಂಬ ಮಾತನ್ನು ಅವನು ಆಡುವ ಬಗೆಯಲ್ಲಿ, ಓದುವುದೊಂದು ವಾಸಿಯಾಗದ ಬೇನೆಯೆಂಬ ಮರುಕವಿರುತ್ತದೆ.

ಮೊದಲು ಸಂಬಂಧವನ್ನು ತಿಳಿಸಿಬಿಡುತ್ತೇನೆ. ಇವನು ನನ್ನ ಹೆಂಡತಿಯ ತಂಗಿಯ ಗಂಡ. ನಮ್ಮ ಹಿರಿಯರೆಲ್ಲ ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಬಂದು ಬೇರೂರಿದವರು. ನಾನು ಸುಲ್ತಾನ್ ಬಜಾರಿನ ಹಿಂದಣ ಗಲ್ಲಿಯೊಂದರಲ್ಲಿ ಇದ್ದುಕೊಂಡು ಆಯುಷ್ಯವನ್ನೆಲ್ಲ ಮಕ್ಕಳಿಗೆ ಕನ್ನಡ, ಸಂಸ್ಕೃತ ಕಲಿಸುವುದರಲ್ಲಿ ಕಳೆದವನು. ಅವನು ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಕುರ್ಚಿಯನ್ನು ಸವೆಸಿ, ನಿವೃತ್ತನಾಗಿ, ಈಗ ಕೂಕಟ್‌ಪಲ್ಲಿಯ ಫ್ಲ್ಯಾಟೊಂದರಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ವಾಸವಾಗಿದ್ದಾನೆ. ಕಿಟಕಿ ಏಕೆ ಮುಚ್ಚಿದೆಯೆಂದು ಮತ್ತೆ ಹೇಳಬೇಕಾಗಿಲ್ಲವಷ್ಟೆ?

ಇಷ್ಟೆಲ್ಲ ಕಾವಲು ಕಾಯುವ ಆ ನಿಧಿಯಾದರೂ ಎಂಥದು? ಮಂಚದ ಕೆಳಗೆ ಒಂದು ಟ್ರಂಕು. ಅದರೊಳಗೆ ಚಾರ್‌ಮಿನಾರಿನ ಚಿತ್ರವಿರುವ ನಿಜಾಮರ ಕಾಲದ ಕೆಲವು ಬೆಳ್ಳಿಯ ನಾಣ್ಯಗಳು. ನಡುವೆ ತೂತಿರುವ ಹಳೆಯ ತಾಮ್ರದ ಬಿಲ್ಲೆಗಳು. ಒಂದು ಕುಂಕುಮದ ಭರಣಿ. ನಾಲಗೆ ಕಳಚಿದ ಪೂಜೆಯ ಗಂಟೆ. ಹುಡುಗನಾಗಿದ್ದಾಗ ಓಟದಲ್ಲಿ ಗೆದ್ದುದೆಂದು ಅವನು ಹೇಳಿಕೊಳ್ಳುವ ಒಂದು ಪದಕ. ಅವನ ಈಗಿನ ಹೊಟ್ಟೆಯನ್ನು ಕಂಡವರಾರೂ ಆ ಪದಕವನ್ನು ನಂಬುವುದಿಲ್ಲ. ಕಳ್ಳನೊಬ್ಬ ಈ ಟ್ರಂಕನ್ನು ಒಡೆದರೆ, ಒಳಗಿದ್ದುದನ್ನು ಕಂಡು ಕನಿಕರಗೊಂಡು ತನ್ನ ಉಂಗುರವನ್ನೇ ಬಿಟ್ಟುಹೋದಾನು!

ಆದರೆ ಅದರೊಳಗೆ ಇನ್ನೊಂದು ವಸ್ತುವಿತ್ತು. ನನ್ನ ಅತ್ತೆಯವರ ಬೆಳ್ಳಿಯ ಲಕ್ಷ್ಮಿ. ಅಂಗೈಯಗಲದ ಮುಖ, ಅರ್ಧ ನಕ್ಕಂತಿರುವ ತುಟಿ. ಅತ್ತೆಯವರು ಪ್ರತಿವರ್ಷ ದೀಪಾವಳಿಯ ಅಮಾವಾಸ್ಯೆಯ ಸಂಜೆ ಆ ಮುಖವನ್ನು ತಾಟಿನಲ್ಲಿರಿಸಿ, ಹಾಲು, ಅರಿಷಿಣದ ನೀರು ಹನಿಸುತ್ತ ಬರಿಗೈಯಿಂದ ತೊಳೆಯುತ್ತಿದ್ದರು. ಸುತ್ತ ಹಳೆಯ ನಾಣ್ಯಗಳನ್ನಿಟ್ಟು ಅವಕ್ಕೂ ಸ್ನಾನ. ಚಮಚ ಕೂಡದು, ಉದ್ಧರಣೆ ಕೂಡದು, ಕೈಯೇ ತಾಗಬೇಕು. ಅದು ಆ ಮನೆಯ ಪದ್ಧತಿ. "ಮಗಳ ಮಾರಿ ತೊಳದಂಗ ತೊಳೀಬೇಕು" ಎನ್ನುತ್ತಿದ್ದರು. ಅವರು ತೀರಿಕೊಂಡಾಗ ಹಿರಿಮಗಳಾದ ನನ್ನವಳಿಗೆ ಎರಡು ದೀಪದ ಕಂಬಗಳು ಬಂದವು. ಕಿರಿಯವಳಿಗೆ ಲಕ್ಷ್ಮಿ ಬಂದಳು. ಕೆಲವು ವರ್ಷ ನನ್ನ ನಾದಿನಿ ಆ ಪೂಜೆಯನ್ನು ತಾಯಿ ಮಾಡುತ್ತಿದ್ದಂತೆಯೇ ಮಾಡಿದಳು. ಆಮೇಲೆ ಒಂದು ವರ್ಷ ಇವನಿಗೆ ಈ ಹುಚ್ಚು ಹತ್ತಿತು. ಲಕ್ಷ್ಮಿ ಟ್ರಂಕು ಸೇರಿದಳು. ಅಂದಿನಿಂದ ಆ ಹೆಣ್ಣುಮಗಳ ಆಸೆ ಒಂದೇ: ತಾಯಿಯ ಲಕ್ಷ್ಮಿಯನ್ನು ಮತ್ತೊಮ್ಮೆ ತನ್ನ ಕೈಯಾರೆ ತೊಳೆಯಬೇಕು. ಕೇಳಿದ್ದು ವೈಕುಂಠವಲ್ಲ, ಕೈಲಾಸವಲ್ಲ. ತನ್ನ ಮನೆಯ ದೇವರನ್ನು ಮುಟ್ಟಲು ಅಪ್ಪಣೆ!

ಇನ್ನು ಆ ಟ್ರಂಕಿನ ಮುಂದೆ ನಡೆಯುವ ಆಚಾರವನ್ನು ನೀವು ನೋಡಬೇಕು. ನಾನು ಎಳವೆಯಿಂದಲೂ ಮಡಿಯನ್ನು ಬಲ್ಲವನು. ಇಂಥ ಮಡಿಯನ್ನು ಕಂಡವನಲ್ಲ. ಮೊದಲು ಕೈ ತೊಳೆಯಬೇಕು. ತೊಳೆದ ಕೈಯನ್ನು ಒರೆಸಬೇಕು. ಒರೆಸಿದ ಕೈಯನ್ನು ಫ್ಯಾನಿನ ಕೆಳಗೆ ಹಿಡಿಯಬೇಕು. ಅನಂತರ ಫ್ಯಾನನ್ನು ಆರಿಸಬೇಕು, ಏಕೆಂದರೆ ಫ್ಯಾನೆಂದರೆ ಗಾಳಿ! ಬಳಿಕ ಬಿಳಿಯ ಹತ್ತಿಯ ಕೈಗವಸು. ಬಾಯಿಗೆ ಮಾಸ್ಕು, ರೋಗದ ಕಾಲ ಕಳೆದು ಊರವರೆಲ್ಲ ಬಿಸಾಡಿದ ಆ ವಸ್ತ್ರವನ್ನು ಇವನು ಇಂದಿಗೂ ಕಟ್ಟಿಕೊಳ್ಳುತ್ತಾನೆ, ತನ್ನ ಉಸಿರಿನಿಂದ ನಾಣ್ಯಗಳಿಗೆ ನೆಗಡಿಯಾದೀತೆಂದು! ಗುಡಿಯಲ್ಲಿ ಎರಡು ನಿಮಿಷ ಕಣ್ಣುಮುಚ್ಚಿ ಕೂರಪ್ಪಾ ಎಂದರೆ ಮೊಣಕಾಲು ನೋವೆನ್ನುವ ಈ ಪುಣ್ಯಾತ್ಮ, ತೂತಿನ ಬಿಲ್ಲೆಯೊಂದರ ಮುಂದೆ ಅರ್ಧದಿನ ಪದ್ಮಾಸನ ಹಾಕುತ್ತಾನೆ. ಋಷಿಗಳು ಇಷ್ಟು ಏಕಾಗ್ರತೆಯಿಂದ ಕೂತಿದ್ದರೆ ಅವರಿಗೆ ಮೋಕ್ಷ ಇನ್ನೂ ಬೇಗನೆ ಸಿಕ್ಕುತ್ತಿತ್ತು!

ನನ್ನ ವೃತ್ತಿಗೂ ಅವನಿಂದಲೇ ಒಂದು ಸಾರ್ಥಕ್ಯ ದೊರೆಯಿತು. ಒಂದು ದಿನ ಬೆಳಗಾಗುತ್ತಲೇ ಫೋನು.

"ಅಣ್ಣಾರ, ನಿಮ್ಮ ಮನ್ಯಾಗ ಖಡು ಅದಾವೇನ್ರಿ?"

ಖಡು ಎಂದರೆ ಸೀಮೆಸುಣ್ಣ. ಆಹಾ, ಕಡೆಗಾಲದಲ್ಲಾದರೂ ಇವನಿಗೆ ವಿದ್ಯೆಯಲ್ಲಿ ಆಸಕ್ತಿ ಹುಟ್ಟಿತಲ್ಲ, ಕೇರಿಯ ಮಕ್ಕಳಿಗೆ ಅಕ್ಷರ ಕಲಿಸುವನೇನೋ ಎಂದು ನಾನು ಹಿಗ್ಗಿ, ಹಳೆಯ ಪೆಟ್ಟಿಗೆಯನ್ನು ಹುಡುಕಿ, ಒಂದು ಹಿಡಿ ಸೀಮೆಸುಣ್ಣವನ್ನು ಕಟ್ಟಿಕೊಂಡು ಮೆಟ್ರೋ ಹತ್ತಿ ಹೋದೆ. ಅವನು ಅದನ್ನು ನನ್ನ ಕಣ್ಣೆದುರಿಗೇ ಕುಟ್ಟಿ, ಬಟ್ಟೆಯ ಚಿಕ್ಕ ಚಿಕ್ಕ ಗಂಟುಗಳಲ್ಲಿ ಕಟ್ಟಿ, ಟ್ರಂಕಿನ ಮೂಲೆಮೂಲೆಗೆ ಇಟ್ಟ. "ತಂಪು ಹೀರಕೋತೈತ್ರಿ. ಭಾಳ ಉಪಯೋಗದ ವಸ್ತು. ಇಷ್ಟು ವರ್ಷ ನೀವು ಸುಮ್ನ ಹಲಗಿ ಮ್ಯಾಲೆ ಗೀಚಿ ಹಾಳ ಮಾಡಿದ್ರಿ." ಹೀಗೆ ನನ್ನ ಅಧ್ಯಾಪನವೆಲ್ಲ ಒಂದು ವಾಕ್ಯದಲ್ಲಿ ಮುಗಿಯಿತು!

ಸೀಮೆಸುಣ್ಣದಿಂದ ತೃಪ್ತಿಯಾಗಲಿಲ್ಲ. ಹೊಸ ಚಪ್ಪಲಿಯ ಡಬ್ಬಿಯಲ್ಲಿ, ಹೊಸ ಕೈಚೀಲದ ಹೊಟ್ಟೆಯಲ್ಲಿ, ತೇವ ಹೀರಲೆಂದು ಒಂದು ಪುಟ್ಟ ಬಿಳಿಯ ಪೊಟ್ಟಣವನ್ನಿಡುತ್ತಾರೆ, ನೋಡಿದ್ದೀರಷ್ಟೆ? ಅದರ ಬೇಟೆ ಆರಂಭವಾಯಿತು. ಮದುವೆಮನೆಗೆ ಹೋದರೆ ವಧೂವರರನ್ನು ನೋಡುವ ಮೊದಲು ಉಡುಗೊರೆಯ ಚಪ್ಪಲಿಗಳ ಡಬ್ಬಿಯನ್ನು ನೋಡುತ್ತಿದ್ದ. ಒಮ್ಮೆ ನನ್ನೊಡನೆ ಸುಲ್ತಾನ್ ಬಜಾರಿಗೆ ಬಂದವನು, ಹೆಂಗಸರ ಕೈಚೀಲಗಳ ಅಂಗಡಿಯ ಮುಂದೆ ನಿಂತುಬಿಟ್ಟ. ಅಂಗಡಿಯವನು ಚೀಲವೊಂದನ್ನು ಎತ್ತಿ ತೋರಿಸಿದ. ಇವನು ಕೈಯಾಡಿಸಿ,

"ಥೈಲಿ ನಕ್ಕೋ ಭಾಯಿ. ಅಂದರ್ ಕಾ ಪುಡಿಯಾ ಹೋನಾ" ಎಂದ. ಚೀಲ ಬೇಡವಂತೆ, ಅದರೊಳಗಿನ ಪೊಟ್ಟಣ ಬೇಕಂತೆ!

ಅಂಗಡಿಯವನು ಇವನನ್ನು ನೋಡಿದ, ನನ್ನ ಹಣೆಯ ತಿಲಕವನ್ನು ನೋಡಿದ, ಮತ್ತೆ ಇವನನ್ನು ನೋಡಿದ. "ಚಚಾ, ವೋ ಖಾನೇ ಕೀ ಚೀಜ್ ನಹೀಂ ಹೈ" ಎಂದು ಬಹಳ ಮೃದುವಾಗಿ ತಿಳಿಯಹೇಳಿದ. ಅದು ತಿನ್ನುವ ಪದಾರ್ಥವಲ್ಲವೆಂದು! ಆಮೇಲೆ ನನ್ನತ್ತ ತಿರುಗಿ, ಇವರನ್ನು ಒಂಟಿಯಾಗಿ ಹೊರಗೆ ಬಿಡಬೇಡಿ ಎಂದ. ನಾನು ಆ ಬೀದಿಯಲ್ಲಿ ಹುಟ್ಟಿದಂದಿನಿಂದ ತಲೆಯೆತ್ತಿ ನಡೆದವನು. ಆ ದಿನ ಮಾತ್ರ ಉತ್ತರೀಯವನ್ನು ತಲೆಯ ಮೇಲೆ ಎಳೆದುಕೊಂಡು ಮನೆಗೆ ಬಂದೆ.

ಅಷ್ಟಕ್ಕೂ ನಿಂತೀತೆ? ಉಳ್ಳಾಗಡ್ಡಿಯಲ್ಲಿ, ಎಂದರೆ ನಿಮ್ಮ ಈರುಳ್ಳಿಯಲ್ಲಿ, ಗಂಧಕವಿದೆ, ಗಂಧಕ ಬೆಳ್ಳಿಗೆ ವಿಷ ಎಂದು ಎಲ್ಲಿಯೋ ಕೇಳಿಕೊಂಡು ಬಂದ. ಮರುದಿನದಿಂದ ಆ ಮನೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡಕ್ಕೂ ಬಹಿಷ್ಕಾರ! ಜೋಳದ ರೊಟ್ಟಿಯ ಮಗ್ಗುಲಲ್ಲಿ ಹಸಿ ಉಳ್ಳಾಗಡ್ಡಿ ಇಲ್ಲದಿದ್ದರೆ ಅದನ್ನು ಊಟವೆಂದು ಕರೆಯುವ ಎದೆಗಾರಿಕೆ ನಮ್ಮ ಕಡೆಯವರಿಗಿದೆಯೆ? ನಾನು ಚಾತುರ್ಮಾಸ್ಯದಲ್ಲಿ ಉಳ್ಳಾಗಡ್ಡಿ ಬಿಡು ಎಂದು ವರ್ಷ ವರ್ಷ ಹೇಳಿದಾಗ "ದೇವರು ನಾವು ಉಂಡದ್ದನ್ನ ಮೂಸಿ ನೋಡ್ತಾನೇನ್ರಿ?" ಎಂದು ನಕ್ಕವನೇ ಇವನು. ದೇವರಿಗಾಗಿ ಬಿಡದ್ದನ್ನು ಟ್ರಂಕಿಗಾಗಿ ಬಿಟ್ಟ! ಪಕ್ಕದ ಫ್ಲ್ಯಾಟಿನ ತೆಲುಗು ಹೆಂಗಸು ಇದನ್ನು ಕೇಳಿ ಭಕ್ತಿಯಿಂದ ಕರಗಿ, ನನ್ನ ನಾದಿನಿಯ ಕೈಹಿಡಿದು, "ಮೀ ಆಯನ ಎಂತ ನಿಷ್ಠಗಾ ಉಂಟಾರಂಡಿ!" ಎಂದಳಂತೆ, ನಿಮ್ಮ ಯಜಮಾನರದು ಎಂಥ ನಿಷ್ಠೆ ಎಂದು.

"ಅವುನಂಡಿ, ಟ್ರಂಕು ಪೆಟ್ಟೆ ಮೀದ!" ಎಂದಳಂತೆ ನಾದಿನಿ. ಹೌದಮ್ಮ, ಟ್ರಂಕಿನ ಮೇಲೆ!

ಇಷ್ಟು ನಿಷ್ಠೆಯವನ ಮನೆಗೆ ಒಂದು ನವರಾತ್ರಿಯಲ್ಲಿ ಮೇಲಿನ ಮಹಡಿಯ ಹುಡುಗಿ ಕುಂಕುಮಕ್ಕೆ ಬಂದಳು. ಮೈಸೂರಿನ ಕಡೆಯವಳು, ಗಂಡ ಹೆಂಡಿರಿಬ್ಬರೂ ಇಲ್ಲಿಯ ಕಂಪನಿಯೊಂದರಲ್ಲಿ ನೌಕರಿಯಲ್ಲಿದ್ದಾರೆ. ಅದೇ ಹೊತ್ತಿಗೆ ನಮ್ಮ ಮಹಾಶಯ ತನ್ನ ನಾಣ್ಯಗಳನ್ನು ತಪಾಸಣೆಗೆಂದು ಹೊರಗೆ ಹರಡಿಕೊಂಡಿದ್ದ. ನಾನೂ ಅಲ್ಲಿಯೇ ಇದ್ದೆ.

"ಆಂಟೀ, ಎಷ್ಟ್ ಚೆನ್ನಾಗಿದೆ! ಇದ್ರ ಮೇಲೆ ಚಾರ್‌ಮಿನಾರ್ ಇದೆ ನೋಡಿ!" ಎಂದು ಆ ಮಗು ಒಂದು ನಾಣ್ಯವನ್ನು ಎತ್ತಿಕೊಂಡಿತು. ಬರಿಗೈಯಿಂದ!

"ಏಏಏ! ಇಡವಾ ಕೆಳಗ! ಬಿಡು! ಬಿಡು!"

ಚೇಳಿದೆಯೆಂದು ಭಾವಿಸಿದ ಆ ಹುಡುಗಿ ಚೀರಿ ನಾಣ್ಯವನ್ನು ಎಸೆದಳು. ಅದು ಉರುಳುತ್ತ ದಿವಾನದ ಕೆಳಗೆ ಸೇರಿತು. ಅದರ ಹಿಂದೆ ಇವನು, ಕೈಗವಸು ಮಾಸ್ಕುಗಳ ಸಮೇತ, ಹೊಟ್ಟೆಯ ಮೇಲೆ ತೆವಳುತ್ತ ಹೋದ. ಅರ್ಧ ಒಳಗೆ, ಅರ್ಧ ಹೊರಗೆ ಇದ್ದಾಗಲೇ ವಿಚಾರಣೆ ಆರಂಭ.

"ಮಧ್ಯಾಹ್ನಕ್ಕ ಏನ್ ಉಂಡೀಯವಾ?"

"ಬಿಸಿಬೇಳೆಬಾತ್, ಅಂಕಲ್" ಎಂದಳು, ಅಳುವ ದನಿಯಲ್ಲಿ.

"ಕೈಲೇ ಉಂಡೀಯೋ, ಚಮಚಾಲೆ ಉಂಡೀಯೋ?"

"ಕೈಯಲ್ಲೇ..."

"ಇಂಗು ಹಾಕಿದ್ರೇನು?"

"ಹೌದು ಅಂಕಲ್, ಸ್ವಲ್ಪ..."

"ಮುಗೀತು!" ಎಂದು ದಿವಾನದ ಕೆಳಗಿನಿಂದ ಒಂದು ನಿಟ್ಟುಸಿರು ಹೊರಟಿತು. ಮನೆಯಲ್ಲಿ ಯಾರೋ ತೀರಿಹೋದ ವಾರ್ತೆ ಬಂದಾಗ ಹೊರಡುವಂಥ ನಿಟ್ಟುಸಿರು! ಆ ಹುಡುಗಿ ಕುಂಕುಮವನ್ನೂ ಇಟ್ಟುಕೊಳ್ಳದೆ ಓಡಿದಳು. ಆಮೇಲೆ ಅವಳು ಲಿಫ್ಟಿನಲ್ಲಿ ಇವನನ್ನು ಕಂಡರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳುತ್ತಾಳಂತೆ.

ದೀಪಾವಳಿಯ ಸಂಗತಿಗೆ ಬರುತ್ತೇನೆ. ಹುಚ್ಚು ಹತ್ತಿದ ಮೇಲಿನ ಮೊದಲ ದೀಪಾವಳಿಯಲ್ಲಿ ಇವನು ಲಕ್ಷ್ಮಿಯನ್ನು ಹೊರಗೆ ತಂದದ್ದೇನೋ ನಿಜ. ಆದರೆ ಜಿಪ್ಪಿನ ಪ್ಲಾಸ್ಟಿಕ್ ಚೀಲದ ಸಮೇತ! ನಾಣ್ಯಗಳೂ ಒಂದೊಂದು ಗಾಜಿನಂಥ ಗೂಡಿನಲ್ಲಿ ಕೂತು ತಾಟಿಗೆ ಬಂದವು. ನಾದಿನಿ ಅರಿಷಿಣ ಹಚ್ಚಿದಳು. ಅದು ಪ್ಲಾಸ್ಟಿಕ್ಕಿನ ಮೇಲೆ ಇಳಿದುಹೋಯಿತು. ಹೂ ಏರಿಸಿದಳು, ಜಾರಿತು. ಹಾಲೆರೆದಳು, ಹಾಲು ಚೀಲದ ಮೇಲಿಂದ ಹರಿದು ನೇರವಾಗಿ ನನ್ನ ಧೋತರಕ್ಕೆ ಬಂತು. ಕೊಡೆ ಹಿಡಿದು ನಿಂತವರಿಗೆ ಗಂಗಾಸ್ನಾನದ ಫಲ ಬರುತ್ತದೆಯೆ? ನಾನು ತಡೆಯಲಾರದೆ,

"ದೇವರಿಗೆ ಉಸರಾಡಾಕರೆ ಬಿಡಪಾ ಮಾರಾಯಾ!" ಎಂದೆ.

"ದೇವರು ಎಲ್ಲಾ ಕಡೆ ಅದಾನ ಅಂತ ನೀವ ಹೇಳ್ತೀರಲ್ರಿ ಅಣ್ಣಾರ. ಪ್ಲಾಸ್ಟಿಕ್ಕಿನ್ಯಾಗ ಇಲ್ಲೇನ್ರಿ?"

ಕಂಬದಲ್ಲಿ ದೇವರನ್ನು ಕಂಡ ಭಕ್ತರ ಕಥೆಯನ್ನು ನಾನು ಓದಿ ಬಲ್ಲೆ. ಜಿಪ್ಪಿನ ಚೀಲದಲ್ಲಿ ದೇವರನ್ನು ತೋರಿಸಿದ ಭಕ್ತ ಇವನೊಬ್ಬನೇ! ಹೊರಡುವಾಗ ನಾದಿನಿ ಬಾಗಿಲವರೆಗೆ ಬಂದಳು.

"ಮಾಮಾ, ನಾ ಸಾಯೂದ್ರಾಗ ಇನ್ನೊಮ್ಮೆರೆ ನಮ್ಮವ್ವನ ಲಕ್ಷ್ಮಿ ಮಾರಿ ಕೈಲೆ ತೊಳೀತೀನಿಲ್ಲೋ" ಎಂದಳು. ನಕ್ಕೇ ಹೇಳಿದಳು. ನಗೆ ಮಾತ್ರ ಕಣ್ಣಿನವರೆಗೆ ಏರಲಿಲ್ಲ.

ಅಂದಿನಿಂದ ಪ್ರತಿ ದೀಪಾವಳಿಗೂ ನಾನು ರಾಯಭಾರಿ. ಪ್ರತಿ ದೀಪಾವಳಿಗೂ ಅವನದೊಂದು ಹೊಸ ನೆವ. ಒಂದು ವರ್ಷ ಪಟಾಕಿಯ ಹೊಗೆ ಬೆಳ್ಳಿಗಾಗದು ಎಂದ. ಒಂದು ವರ್ಷ ಕೆಳಗಿನ ಮನೆಯವರು ಆಮ್ಲೆಟ್ ಮಾಡಿದ್ದಾರೆ ಎಂದ. ಇನ್ನೊಂದು ವರ್ಷ ಹವೆಯಲ್ಲಿ ತೇವ ಹೆಚ್ಚಾಗಿದೆ ಎಂದ, ಟಿ.ವಿ.ಯವರೇ ಹೇಳಿದ್ದಾರಂತೆ. ಪಂಚಾಂಗದಲ್ಲಿ ತಿಥಿ ನಕ್ಷತ್ರಗಳನ್ನು ನೋಡಿ ಪೂಜೆ ಮಾಡುವುದನ್ನು ನಾವು ಬಲ್ಲೆವು. ನೆರೆಯವರ ಬಾಣಲೆಯನ್ನು ನೋಡಿ ಮುಹೂರ್ತವಿಡುವ ಶಾಸ್ತ್ರವನ್ನು ಇವನೇ ಬರೆಯಬೇಕು!

ಹೀಗಿರಲು ಈ ಸಲದ ಜನವರಿಯಲ್ಲಿ ಅವನು ನಾಂಪಲ್ಲಿಯ ವಸ್ತುಪ್ರದರ್ಶನಕ್ಕೆ ಹೋದ. ಊರವರೆಲ್ಲ ಅಲ್ಲಿಗೆ ಹೋಗಿ ಶಾಲು, ಒಣಹಣ್ಣು, ಗಾಜಿನ ಬಳೆ ತರುತ್ತಾರೆ. ಇವನು ಒಂದು ಯಂತ್ರವನ್ನು ತಂದ. ಚೀಲದೊಳಗಿನ ಗಾಳಿಯನ್ನೆಲ್ಲ ಹೀರಿ, ಬಾಯನ್ನು ಕಾಯಿಸಿ ಅಂಟಿಸಿಬಿಡುವ ಯಂತ್ರ! ಅಂಗಡಿಯವನು ಅದರಲ್ಲಿ ಗೋಡಂಬಿಯನ್ನು ಕಟ್ಟಿ ತೋರಿಸಿದನಂತೆ. ಹಗೆಯ ಗಂಟಲನ್ನೇ ಹಿಸುಕುವ ಆಯುಧ ಸಿಕ್ಕಿದ ಮೇಲೆ ವೀರನನ್ನು ಹಿಡಿಯುವವರುಂಟೆ? ಮನೆಗೆ ಬಂದವನೇ ನಾಣ್ಯಗಳನ್ನು ಕಟ್ಟಿದ. ಗಂಟೆಯನ್ನು ಕಟ್ಟಿದ. ಪದಕವನ್ನು ಕಟ್ಟಿದ. ಹೆಂಡತಿ ಕುಂಕುಮ ಇಟ್ಟುಕೊಳ್ಳಲೆಂದು ಕೈಚಾಚಿದರೆ ಕುಂಕುಮದ ಭರಣಿ ಉಪ್ಪಿನಕಾಯಿಯ ಪೊಟ್ಟಣದಂತೆ ಬಿಗಿದು ಕೂತಿತ್ತು. ಕೊನೆಗೆ ಟ್ರಂಕಿನ ಬೀಗದ ಕೈ ಹಿತ್ತಾಳೆಯದೆಂಬುದು ಅವನ ಗಮನಕ್ಕೆ ಬಂದು, ಅದೇಕೆ ಮಂಕಾಗಬೇಕೆಂದು ಅದನ್ನೂ ಕಟ್ಟಿ, ಉಳಿದ ಪೊಟ್ಟಣಗಳೊಡನೆ ಟ್ರಂಕಿನಲ್ಲಿರಿಸಿ, ಒತ್ತಿದರೆ ತಾನೇ ಬೀಳುವ ಆ ಬೀಗವನ್ನು ಟಕ್ಕೆಂದು ಒತ್ತಿದ.

ನನಗೆ ಫೋನು ಬಂತು. ನಾನು ನನ್ನವಳೊಡನೆ ಹೋಗುವ ಹೊತ್ತಿಗೆ ಬೀಗದವನನ್ನು ಕರೆಸಿದ್ದರು. ಅವನು ಉಳಿ ಸುತ್ತಿಗೆಗಳನ್ನು ಹೊರತೆಗೆಯುತ್ತ, "ತಾಳಂ ಚೆವಿ ಲೋಪಲ ಪೆಟ್ಟಿ, ಮೀರು ಬಯಟ ಕೂರ್ಚುನ್ನಾರಾ ಸಾರ್?" ಎಂದು ಕೇಳಿದ. ಕೀಲಿಯನ್ನು ಒಳಗಿಟ್ಟು ತಾವು ಹೊರಗೆ ಕೂತಿದ್ದೀರಾ ಎಂದು.

"ಅವರ್ನೂ ಒಳಗ ಇಟ್ಟು ಕೀಲಿ ಹಾಕಿದ್ರ ಛಲೋ ಇತ್ತು" ಎಂದಳು ನನ್ನ ಹೆಂಡತಿ, ಶುದ್ಧ ಕನ್ನಡದಲ್ಲಿ.

ಬೀಗ ಒಡೆಯಿತು. ಎಲ್ಲರೂ ನಕ್ಕೆವು. ಆದರೆ ಮುಚ್ಚಳ ತೆರೆದಾಗ ಮೇಲೆಯೇ ಲಕ್ಷ್ಮಿ ಇದ್ದಳು. ಗಾಳಿಯನ್ನೆಲ್ಲ ಹೀರಿದ ಪ್ಲಾಸ್ಟಿಕ್ಕು ಆ ಮುಖಕ್ಕೆ ಅಂಟಿಕೊಂಡು, ಮೂಗು, ತುಟಿ, ಕಣ್ಣುಗಳ ಮೇಲೆ ಬಿಗಿದು ನೆರಿಗೆಗಟ್ಟಿತ್ತು. ನಾದಿನಿ ನೋಡಿದವಳೇ ಒಳಗೆ ಹೋದಳು. ಜಿಪ್ಪಿನ ಚೀಲವನ್ನಾದರೆ ಎಂದೋ ಒಂದು ದಿನ ಸರಕ್ಕನೆ ತೆರೆಯಬಹುದೆಂಬ ಆಸೆ ಅವಳಿಗಿತ್ತು. ಈಗ ಅದೂ ಹೋಯಿತು.

ಈ ದೀಪಾವಳಿಗೆ ಅವಳು ಮೊದಲೇ ಹೇಳಿಕಳುಹಿಸಿದಳು: "ಮಾಮಾ, ಅಕ್ಕನ್ನ ಕರಕೊಂಡು ಬರ್ರಿ. ಈ ಸಲ ಲಕ್ಷ್ಮಿನ್ನ ಬಿಚ್ಚಿ ಕೊಟ್ರ ಪೂಜಾ. ಇಲ್ಲಂದ್ರ ಇಲ್ಲ. ಇನ್ನ ಮುಂದ ಎಂದೂ ಇಲ್ಲ."

ನಾವು ಹೋದಾಗ ಸಂಜೆಯಾಗಿತ್ತು. ದೇವರ ಮುಂದೆ ರಂಗೋಲಿಯಿತ್ತು, ತಾಟಿತ್ತು, ಬಟ್ಟಲಲ್ಲಿ ಹಾಲು, ಅರಿಷಿಣದ ನೀರು ಸಿದ್ಧವಿದ್ದವು. ದೀಪ ಹಚ್ಚಿರಲಿಲ್ಲ. ಊರೆಲ್ಲ ಬೆಳಕಾಗಿರುವಾಗ ಆ ಒಂದು ಕೋಣೆ ಕತ್ತಲೆಯಾಗಿತ್ತು. ನಾದಿನಿ ಗೋಡೆಗೊರಗಿ ಕೂತಿದ್ದಳು. ಅವನು ಮಡಿಲಲ್ಲಿ ಆ ಪೊಟ್ಟಣವನ್ನಿಟ್ಟುಕೊಂಡು, ಕೈಗವಸು ತೊಟ್ಟು, ಅವಳೆದುರಿಗೆ ಕೂತಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಎಷ್ಟೋ ವರ್ಷಗಳಿಂದ ಕಟ್ಟಿಟ್ಟುಕೊಂಡಿದ್ದ ಮಾತನ್ನೆಲ್ಲ ಹರಿಯಬಿಟ್ಟೆ.

"ನಾಚಿಕಿ ಬರಂಗಿಲ್ಲೇನಪಾ? ದೇವರನ್ನ ಉಪ್ಪಿನಕಾಯಿ ಮಾಡಿಟ್ಟಿ! ಮುತ್ತೈದಿ ಹಬ್ಬದ ದಿನ ದೀಪಾ ಹಚ್ಚದ ಕುಂತಾಳ. ನಿನಗ ನಂಬಿಕಿ ಇಲ್ಲ, ಒಪ್ಪಿದೆ. ನಂಬಿದವರ ಕೈ ಯಾಕ ಹಿಡೀತಿ?"

ಅವನು ತಲೆಯೆತ್ತಲಿಲ್ಲ. "ಕರ್ರಗಾಗತೈತ್ರಿ" ಎಂದಷ್ಟೇ ಅಂದ.

"ಆಗಲಿ ಬಿಡ್ರಿ!" ಎಂದಳು ನಾದಿನಿ. "ಬೆಳ್ಳಿ ಅಂದಮ್ಯಾಲೆ ಕರ್ರಗಾಗತೈತಿ. ಆದ್ರ ಏನಾತು?"

"ಆಗಬಾರದು!"

ಅವನು ಕೂಗಿದ. ಅವನು ಕೂಗುವುದನ್ನು ನಾನು ನೂರು ಸಲ ಕೇಳಿದ್ದೇನೆ. ಅದು ಆ ಕೂಗಲ್ಲ. ದನಿ ನಡುವೆಯೇ ಒಡೆದುಹೋಯಿತು. ಆಮೇಲೆ ಅವನು ಹೆಂಡತಿಯ ಕಡೆಗೆ ನೋಡದೆ ನನ್ನೊಡನೆ ಮಾತಾಡತೊಡಗಿದ.

"ಆಕೀ ಆಪರೇಷನ್ ಆದ ದಿನ ನೀವೂ ಇದ್ರಿ ದವಾಖಾನ್ಯಾಗ.‌ ಅಕ್ಕಾರನ್ನ ಕರಕೊಂಡು ಚಹಾ ಕುಡ್ಯಾಕ ಕೆಳಗ ಹೋಗಿದ್ರಿ. ಒಳಗ ಕರಕೊಂಡು ಹೋಗೂ ಮುಂದ ಕಾಲುಂಗರ ಬಿಚ್ಚಿ, ಒಂದು ಕಾಗದದಾಗ ಸುತ್ತಿ, ನನ್ನ ಕೈಯಾಗ ಕೊಟ್ರು. ಲಗ್ನ ಆದಾಗಿಂದ ಆಕಿ ಅವನ್ನ ಬಿಚ್ಚಿದ್ದಿಲ್ಲ. ಕಾಗದ ತಗದು ನೋಡ್ತೀನಿ, ಕಬ್ಬಿಣ ಆದಂಗ ಕರ್ರಗ ಆಗಿದ್ವು. ನಮ್ಮವ್ವ ಅಂತಿದ್ಲು, ಹಾಕ್ಕೊಂಡವರ ಮೈಯಾಗ ಜೀವ ಕಮ್ಮಿ ಆದ್ರ ಮೊದಲ ಬೆಳ್ಳಿಗೆ ಗೊತ್ತಾಗತೈತಿ ಅಂತ. ನಾ ಎಂದೂ ನಂಬಿದಾಂವಲ್ಲ."

ಅವನು ಮಡಿಲಲ್ಲಿದ್ದ ಪೊಟ್ಟಣದ ನೆರಿಗೆಯೊಂದನ್ನು ಬೆರಳಿನಿಂದ ತೀಡಿದ.

"ಎದುರಿನ ಅಂಗಡ್ಯಾಗ ಹಲ್ಲುಪುಡಿ ತಗೊಂಡು, ಅಲ್ಲೇ ನಳದ ಬಾಜೂಕ ಕುಂತು ತಿಕ್ಕಿದೆ. ಅಂಗೀ ತುದೀಲೆ ತಿಕ್ಕಿದೆ. ಮಂದಿ ನೋಡಾಕತ್ತಿದ್ರು. ಬೆಳ್ಳಗಾಗೂತನ ಬಿಡಲಿಲ್ರಿ. ಬೆಳ್ಳಗಾದ್ವು. ಆಗ ನರ್ಸಮ್ಮ ಹೊರಗ ಬಂದು ಆಕಿ ಛಲೋ ಅದಾಳ ಅಂದ್ಲು. ಅವತ್ತಿಂದ ನನಗ ಅಂಜಿಕಿ, ಅಣ್ಣಾರ. ಈ ಮನ್ಯಾಗ ಬೆಳ್ಳಿ ಕರ್ರಗಾತಂದ್ರ..."

ವಾಕ್ಯವನ್ನು ಅವನು ಪೂರ್ತಿ ಮಾಡಲಿಲ್ಲ. ವಾಕ್ಯಗಳನ್ನು ಪೂರ್ತಿ ಮಾಡಿಸುವುದೇ ನನ್ನ ಜೀವಮಾನದ ಕೆಲಸವಾಗಿತ್ತು. ಅದನ್ನು ಪೂರ್ತಿ ಮಾಡೆಂದು ಹೇಳುವ ಧೈರ್ಯ ನನಗಾಗಲಿಲ್ಲ. ಹೊರಗೆ ಯಾರೋ ಪಟಾಕಿ ಹಚ್ಚಿದರು. ನನ್ನ ಹೆಂಡತಿ ಸೆರಗಿನಿಂದ ಮೂಗನ್ನು ಒರೆಸಿಕೊಂಡಳು.

"ಕಾಲುಂಗರ ಹೊಸಾವು ತಂದೀರಿ ಅಂತ ತಿಳದಿದ್ನಲ್ರಿ ನಾ!" ಎಂದಳು ನಾದಿನಿ, ಕೊನೆಗೆ. "ದವಾಖಾನಿ ಖರ್ಚ ಅಷ್ಟೈತಿ, ಇದೊಂದು ದುಂದು ಮಾಡೀರಿ ಅಂತ, ಕಣ್ಣ ಬಿಟ್ಟ ಕೂಡ್ಲೇ ಬೈದಿದ್ದೆ. ಅವಾಗರೆ ಬಾಯಿ ಬಿಡಬಾರದೇನ್ರಿ?"

"ಬೈಯಾಕರೆ ಕಣ್ಣ ಬಿಟ್ಟಿದ್ಯಲ್ಲ. ನನಗ ಅಷ್ಟ ಸಾಕಾಗಿತ್ತು" ಎಂದ ಅವನು.

ಅವಳು ಎದ್ದು ದೀಪ ಹಚ್ಚಿದಳು. ಅವನು ಕೈಗವಸುಗಳನ್ನು ಒಂದೊಂದಾಗಿ ಕಳಚಿದ. ಅಡಿಗೆಮನೆಯಿಂದ ನನ್ನವಳು ತಂದ ಕತ್ತರಿಯನ್ನು ತೆಗೆದುಕೊಂಡು ಪೊಟ್ಟಣದ ಅಂಚನ್ನು ಕತ್ತರಿಸಿದ. ಮುಖಕ್ಕೆ ಕತ್ತರಿ ತಾಗೀತೆಂದು ನಿಂತು ನಿಂತು ಕತ್ತರಿಸಿದ. ಬರಿಗೈಯಿಂದಲೇ ಲಕ್ಷ್ಮಿಯನ್ನೆತ್ತಿ ತಾಟಿನಲ್ಲಿಟ್ಟ. ನಾದಿನಿ ಅರಿಷಿಣದ ಕೈಗಳನ್ನು ಆ ಕೆನ್ನೆಗಳ ಮೇಲಿಟ್ಟವಳು ಬಹಳ ಹೊತ್ತು ತೆಗೆಯಲಿಲ್ಲ.

"ಹಾಲು ಹಾಕ್ರಿ" ಎಂದಳು ಅವನಿಗೆ. "ಕರ್ರಗಾದ್ರ ಇಬ್ರೂ ಕುಂತು ತಿಕ್ಕೂಣಂತ."

ಅವನು ಹಾಲನ್ನು ಹನಿಸಿದ, ಅವಳು ತೊಳೆದಳು. ನಾನು ಮಂತ್ರ ಹೇಳಬೇಕಾಗಿತ್ತು. ಎಲ್ಲಿಂದ ಆರಂಭಿಸಬೇಕೆಂಬುದು ಒಂದು ಕ್ಷಣ ಹೊಳೆಯಲಿಲ್ಲ. ಆಮೇಲೆ ಮೊದಲಿನಿಂದ ಹೇಳಿದೆ. ಆರತಿ ಬೆಳಗುವಾಗ ನಾವೆಲ್ಲರೂ ಎದ್ದು ನಿಂತು ಲಕ್ಷ್ಮಿಯ ಮುಖವನ್ನು ನೋಡುತ್ತ ಕೈಮುಗಿದೆವು. ನನ್ನ ಷಡ್ಡಕನೂ ಕೈಮುಗಿದಿದ್ದ. ಆದರೆ ಅವನ ತಲೆ ತಗ್ಗಿತ್ತು. ಆರತಿಯ ಬೆಳಕಿನಲ್ಲಿ ಅವನು ತನ್ನ ಹೆಂಡತಿಯ ಕಾಲ್ಬೆರಳುಗಳನ್ನು ನೋಡುತ್ತಿದ್ದ.